ಮರಳಿನ ಅಕ್ಷರ, ಕಡೇ ಬೆಂಚಿನ ಹುಡುಗ

ಎಸ್‌ಎಸ್‌ಎಲ್‌ಸಿ ಫಲಿತಾಂಶದ ದಿನ ಸುದ್ದಿವಾಹಿನಿಗಳಲ್ಲಿ ಒಂದು ಶಾಸ್ತ್ರ ನಡೆಯುತ್ತೆ. ಜಿಲ್ಲೆಗಳ ಪಟ್ಟಿ ಪರದೆ ಮೇಲೆ ಬರುತ್ತೆ. ಮೇಲಿದ್ದವರಿಗೆ ಸಿಹಿ, ಕೆಳಗಿದ್ದವರಿಗೆ ಛೀಮಾರಿ. 2025ರಲ್ಲಿ ಪಟ್ಟಿಯ ಕಟ್ಟಕಡೆಗೆ ಇದ್ದದ್ದು ಕಲಬುರಗಿ, ಶೇಕಡಾ 42.43. ಅರ್ಧಕ್ಕಿಂತ ಹೆಚ್ಚು ಮಕ್ಕಳು ಫೇಲ್. ಆ ರಾತ್ರಿ ನಾನೂ ದನಿ ಏರಿಸಿ ಕೇಳಿದ್ದೆ: ಶಿಕ್ಷಕರು ಎಲ್ಲಿ, ಕಟ್ಟಡ ಎಲ್ಲಿ, ಹಣ ಎಲ್ಲಿ ಹೋಯ್ತು ಅಂತ. ಪ್ರಶ್ನೆಗಳು ಸರಿಯಾಗೇ ಇದ್ದವು. ಆದರೆ ಒಂದು ಪ್ರಶ್ನೆ ಬಿಟ್ಟುಹೋಗಿತ್ತು. ಅದನ್ನ ನೆನಪಿಸಿದವರು ಖಜೂರಿ ಕಡೆಯ ಒಬ್ಬ ರೈತರು.

ಖಜೂರಿ ಅಂದ್ರೆ ಆಳಂದ ತಾಲೂಕಿನ ಹೋಬಳಿ ಊರು. ಮಹಾರಾಷ್ಟ್ರದ ಗಡಿ ಪಕ್ಕದಲ್ಲೇ ಇದೆ. ಸುತ್ತ ತೊಗರಿ ಹೊಲ. ಕನ್ನಡ, ಮರಾಠಿ, ಉರ್ದು, ಲಂಬಾಣಿ ಎಲ್ಲವೂ ಕಿವಿಗೆ ಬೀಳುವ ಸೀಮೆ. ಕಾರ್ಯಕ್ರಮ ಮುಗಿದ ಮೇಲೆ ಯಾರಿಂದಲೋ ನಂಬರ್ ತಗೊಂಡು ಫೋನ್ ಮಾಡಿದ ಆ ತಂದೆ ಹೇಳಿದ್ದಿಷ್ಟೇ: "ಸರ, ನಮ್ಮ ಹುಡುಗನ ತಲಿ ಛಲೋ ಅದರಿ. ತೊಗರಿ ರೇಟಿನ ಲೆಕ್ಕ ಬಾಯಾಗೇ ಹೇಳ್ತಾನ. ಮೋಟಾರ್ ಬಿಚ್ಚಿ ಜೋಡಿಸ್ತಾನ. ಪುಸ್ತಕ ತೆರದ್ರ ಮಾತ್ರ ಅಕ್ಷರ ಒಂದಕ್ಕೊಂದು ಕೂಡಂಗಿಲ್ಲ ಅಂತಾನ. ಸಾಲ್ಯಾಗ ದಡ್ಡ ಅಂತ ಹಿಂದ ಕೂಡಿಸ್ಯಾರ. ಒಂಬತ್ತನೇತ್ತೆ ಬಂದಾನ. ಮುಂದ ಏನ್ ಮಾಡ್ಲಿ?"

ನನ್ನ ಹತ್ರ ಉತ್ತರ ಇರಲಿಲ್ಲ. ಎಂಟು ಜನರನ್ನ ಕೂರಿಸಿಕೊಂಡು ಜಗಳ ಮಾಡಿಸೋದು ಸುಲಭ, ಒಬ್ಬ ತಂದೆಗೆ ಉತ್ತರ ಕೊಡೋದು ಕಷ್ಟ. ಹಾಗಾಗಿ ಹುಡುಕಲು ಕೂತೆ. ಹುಡುಕುತ್ತಾ ಇನ್ನೂರು ವರ್ಷ ಹಿಂದಕ್ಕೆ ಹೋದೆ.

ಮೊದಲು ಒಂದು ಮೂಲ ಪ್ರಶ್ನೆ. ಓದು ಅನ್ನೋದು ಮನುಷ್ಯನಿಗೆ ಹುಟ್ಟಿನಿಂದ ಬರುತ್ತಾ? ಮಾತು ಬರುತ್ತೆ. ಸುತ್ತ ಮಾತಾಡುವವರಿದ್ದರೆ ಸಾಮಾನ್ಯವಾಗಿ ಮಗು ಮಾತು ಕಲಿಯುತ್ತೆ. ಓದು ಹಾಗಲ್ಲ. ಬರವಣಿಗೆ ಹುಟ್ಟಿ ಸುಮಾರು 5,000 ವರ್ಷ ಆಗಿದೆ ಅಷ್ಟೇ. ಮೆದುಳಿನಲ್ಲಿ ಓದಿಗೆ ಅಂತ ಪ್ರತ್ಯೇಕ ಭಾಗ ಬೆಳೆಯಲು ಅಷ್ಟು ಕಾಲ ಸಾಲದು. ಫ್ರಾನ್ಸಿನ ನರವಿಜ್ಞಾನಿ ಸ್ಟಾನಿಸ್ಲಾಸ್ ದೆಹಾನ್ ಹೇಳುವ ಪ್ರಕಾರ, ಮುಖ ಮತ್ತು ವಸ್ತುಗಳನ್ನ ಗುರುತು ಹಿಡಿಯುವ ಜಾಗದಲ್ಲೇ ಮೆದುಳು ಅಕ್ಷರಕ್ಕೂ ಜಾಗ ಮಾಡಿಕೊಡುತ್ತೆ. ಹಳೇ ಮನೆಯ ಪಡಸಾಲೆಯನ್ನೇ ಅಂಗಡಿ ಮಾಡಿಕೊಂಡ ಹಾಗೆ. ಆ ಜಾಗಕ್ಕೂ, ಶಬ್ದವನ್ನ ಬಿಡಿಸುವ ಜಾಗಕ್ಕೂ, ಅರ್ಥ ಇರುವ ಜಾಗಕ್ಕೂ ಹೊಸ ದಾರಿ ಹಾಕಬೇಕು.

ಈ ದಾರಿ ದೊಡ್ಡವರಾದ ಮೇಲೂ ಬೀಳುತ್ತೆ. ಲಕ್ನೋ ಹತ್ತಿರದ ಹಳ್ಳಿಗಳ ಅನಕ್ಷರಸ್ಥರಿಗೆ, ಅವರಲ್ಲಿ ಬಹುಪಾಲು ಹೆಂಗಸರು, ಆರು ತಿಂಗಳು ದೇವನಾಗರಿ ಕಲಿಸಿ, ಮೊದಲು ಮತ್ತು ನಂತರ ಮೆದುಳಿನ ಸ್ಕ್ಯಾನ್ ಮಾಡಿದ ಅಧ್ಯಯನ 2017ರಲ್ಲಿ ಪ್ರಕಟವಾಯ್ತು. ಬದಲಾವಣೆ ಮೆದುಳಿನ ಹೊರಪದರದಲ್ಲಷ್ಟೇ ಅಲ್ಲ, ಒಳಗಿನ ಥಲಾಮಸ್ ಮತ್ತು ಮೆದುಳಕಾಂಡದ ತನಕ ಕಂಡಿತ್ತು. ಮೂವತ್ತರ ವಯಸ್ಸಿನವರಲ್ಲಿ! ಆದರೆ ಎಲ್ಲರ ಮೆದುಳಿನಲ್ಲೂ ದಾರಿ ಒಂದೇ ವೇಗದಲ್ಲಿ, ಒಂದೇ ವಿಧಾನದಲ್ಲಿ ಬೀಳಲ್ಲ. ಇದನ್ನ ನಮ್ಮ ಶಾಲೆ ಮರೆತಿದೆ.

ಹಿಂದೆ ನೆನಪಿತ್ತಾ? ಅರ್ಧ ನೆನಪಿತ್ತು. ಇಲ್ಲಿಂದ ಕತೆ ಬಳ್ಳಾರಿಗೆ ಹೋಗುತ್ತೆ. ಯಾಕೆ ಬಳ್ಳಾರಿ? ಖಜೂರಿ 1948ರ ಸೆಪ್ಟೆಂಬರ್‌ವರೆಗೂ ನಿಜಾಮನ ರಾಜ್ಯ. ಮೈಸೂರು ರಾಜ್ಯಕ್ಕೆ ಸೇರಿದ್ದು 1956ರಲ್ಲಿ. ಬಳ್ಳಾರಿ ಮಾತ್ರ 1800ರಿಂದಲೇ ಬ್ರಿಟಿಷರ ಮದ್ರಾಸು ಸರ್ಕಾರದ ಕೈಯಲ್ಲಿತ್ತು. 1822ರಲ್ಲಿ ಮದ್ರಾಸಿನ ಗವರ್ನರ್ ಥಾಮಸ್ ಮನ್ರೋ ಎಲ್ಲ ಕಲೆಕ್ಟರುಗಳಿಗೂ ಒಂದು ಆದೇಶ ಕಳಿಸಿದರು: ನಿಮ್ಮ ಜಿಲ್ಲೆಯಲ್ಲಿ ಎಷ್ಟು ಶಾಲೆಗಳಿವೆ, ಹೇಗೆ ಕಲಿಸುತ್ತಾರೆ, ವರದಿ ಕೊಡಿ. 1823ರ ಆಗಸ್ಟ್‌ನಲ್ಲಿ ಬಳ್ಳಾರಿ ಕಲೆಕ್ಟರ್ ಎ.ಡಿ. ಕ್ಯಾಂಪ್‌ಬೆಲ್ ಬರೆದ ಉತ್ತರ, ಆ ಕಾಲದ ಕನ್ನಡ ಗಾಂವಠಿ ಶಾಲೆಯ ಒಳಗನ್ನ ಕಣ್ಣಿಗೆ ಕಟ್ಟುವ ಹಾಗೆ ತೋರಿಸುತ್ತೆ.

ಜಿಲ್ಲೆಯ ಜನಸಂಖ್ಯೆ ಒಂಬತ್ತು ಲಕ್ಷಕ್ಕೂ ಹೆಚ್ಚು. ಶಾಲೆಗಳು 533. ಮಕ್ಕಳು 6,641. ಕನ್ನಡ ಕಲಿಸುವ ಶಾಲೆ 235, ತೆಲುಗಿನವು 226. ಶಾಲೆಗೆ ಸರಾಸರಿ ಹನ್ನೆರಡು ಮಕ್ಕಳು. ಹುಡುಗಿಯರು ಬೆರಳೆಣಿಕೆ. ಯಾರ ಮಕ್ಕಳು ಒಳಗಿದ್ದರು, ಯಾರ ಮಕ್ಕಳು ಹೊರಗೆ ದನ ಕಾಯ್ತಿದ್ದರು ಅಂತ ಬಿಡಿಸಿ ಹೇಳಬೇಕಿಲ್ಲ. ಸುವರ್ಣಯುಗ ಅಂತ ಕುಣಿಯುವ ಅಂಕಿ ಇದಲ್ಲ.

ಆದರೆ ಕಲಿಸುವ ರೀತಿ ನೋಡಿ. ಮಗುವಿಗೆ ಐದು ವರ್ಷ ಆದಾಗ ಶಾಲೆಗೆ ಹಾಕ್ತಾರೆ. ಮೊದಲ ಕೆಲಸ ಅಕ್ಷರ. ಅದನ್ನ ಬಾಯಿಪಾಠ ಹೇಳಿಸಿ ಅಲ್ಲ, ನೆಲದ ಮರಳಿನಲ್ಲಿ ಬೆರಳಿಂದ ಬರೆಸಿ ಕಲಿಸ್ತಾರೆ. ಯುರೋಪಿನಲ್ಲಿ ಮಕ್ಕಳು ಮೊದಲು ಅಕ್ಷರಮಾಲೆ ಉಚ್ಚರಿಸಿ ಕಲಿಯುತ್ತಾರೆ, ಇಲ್ಲಿ ಹಾಗಲ್ಲ ಅಂತ ಕ್ಯಾಂಪ್‌ಬೆಲ್ ಬೊಟ್ಟು ಮಾಡಿ ಹೇಳಿದ್ದಾರೆ. ಮರಳಿನಲ್ಲಿ ಕೈ ಪಳಗಿದ ಮೇಲೆ ಓಲೆಗರಿ, ಕಾಗದ, ಹಲಗೆ ಅಥವಾ ಕಡತ. ಹಲಗೆ ಅಂದ್ರೆ ಅನ್ನದ ಗಂಜಿ ಮತ್ತು ಇದ್ದಿಲ ಪುಡಿ ಬಳಿದ ಮರದ ಹಲಗೆ. ಕಡತ ಅಂದ್ರೆ ಗಂಜಿ ಹಾಕಿ ಗಟ್ಟಿ ಮಾಡಿ, ಇದ್ದಿಲು ಅಂಟು ಬಳಿದು, ಪುಸ್ತಕದ ಹಾಗೆ ಮಡಚಿದ ಬಟ್ಟೆ. ಬಳಪದಲ್ಲಿ ಬರೆ, ಒರೆಸು, ಮತ್ತೆ ಬರೆ. ಇವತ್ತು ಸರ್ಕಾರಿ ಕಚೇರಿಯಲ್ಲಿ ಧೂಳು ಹಿಡಿದು ಕೂತಿರೋ ಫೈಲಿಗೆ ನಾವು ಕಡತ ಅಂತೀವಲ್ಲ, ಆ ಪದ ಬಂದದ್ದು ಈ ಬಟ್ಟೆಯಿಂದ.

ಇನ್ನೊಂದು ವಿಷಯ. ಮಕ್ಕಳನ್ನ ಕಲಿತದ್ದರ ಪ್ರಕಾರ ಗುಂಪು ಮಾಡಿ, ಕೆಳಗಿನ ಗುಂಪಿಗೆ ಮೇಲಿನ ಹುಡುಗರು ಹೇಳಿಕೊಡ್ತಿದ್ದರು. ಹೇಳಿಕೊಡುತ್ತಾ ಅವರ ಪಾಠವೂ ಗಟ್ಟಿಯಾಗ್ತಿತ್ತು. ಇದು ಮೆಚ್ಚುವಂಥದ್ದು, ಇಂಗ್ಲೆಂಡ್ ಇದನ್ನ ಅನುಕರಿಸಿದ್ದು ಸರಿಯಾಗೇ ಇದೆ ಅನ್ನೋದು ಕ್ಯಾಂಪ್‌ಬೆಲ್ ಅಭಿಪ್ರಾಯ. ಆ ಅನುಕರಣೆಯ ಹಿಂದಿದ್ದವರು ಆಂಡ್ರೂ ಬೆಲ್ ಅನ್ನೋ ಪಾದ್ರಿ. 1789ರಲ್ಲಿ ಮದ್ರಾಸಿನ ಎಗ್ಮೋರಿನಲ್ಲಿ ಸೈನಿಕರ ಅನಾಥ ಮಕ್ಕಳ ಶಾಲೆಯ ಜವಾಬ್ದಾರಿ ವಹಿಸಿಕೊಂಡ ಅವರು, ಸ್ಥಳೀಯ ಶಾಲೆಯ ಮಕ್ಕಳು ಮರಳಿನಲ್ಲಿ ಬರೆಯೋದನ್ನ ನೋಡಿದರು. ತಮ್ಮ ಶಿಕ್ಷಕರಿಗೆ ಹೇಳಿದರೆ ಅವರು ಒಪ್ಪಲಿಲ್ಲ. ಆಗ ಎಂಟು ವರ್ಷದ ಜಾನ್ ಫ್ರಿಸ್ಕೆನ್ ಅನ್ನೋ ಹುಡುಗನಿಗೆ ಆ ಕೆಲಸ ಒಪ್ಪಿಸಿದರು. ಅವನು ಚಿಕ್ಕವರಿಗೆ ಮರಳಿನಲ್ಲಿ ಅಕ್ಷರ ಕಲಿಸಿದ. 1797ರಲ್ಲಿ ಬೆಲ್ ಈ ಪ್ರಯೋಗದ ಬಗ್ಗೆ ಪುಸ್ತಕ ಪ್ರಕಟಿಸಿದರು. ಮದ್ರಾಸ್ ಪದ್ಧತಿ ಅನ್ನೋ ಹೆಸರಲ್ಲಿ ಅದು ಲೋಕ ಸುತ್ತಿತು.

ಇಲ್ಲಿಗೆ ನಿಲ್ಲಿಸಿದರೆ ಅದು ವಾಟ್ಸ್ಯಾಪ್ ಫಾರ್ವರ್ಡ್ ಆಗುತ್ತೆ. ಕ್ಯಾಂಪ್‌ಬೆಲ್ ವರದಿಯ ಉಳಿದ ಅರ್ಧವನ್ನೂ ಓದಬೇಕು.

ಬೆಳಗ್ಗೆ ಆರಕ್ಕೆ ಶಾಲೆ. ಮೊದಲು ಬಂದವನ ಅಂಗೈ ಮೇಲೆ ಸರಸ್ವತಿ ಅಂತ ಬರೀತಾರೆ. ಎರಡನೆಯವನ ಕೈಗೆ ಸೊನ್ನೆ. ಮೂರನೆಯವನಿಗೆ ಒಂದು ಏಟು, ನಾಲ್ಕನೆಯವನಿಗೆ ಎರಡು, ಹೀಗೇ ಏರುತ್ತಾ ಹೋಗುತ್ತೆ. ಕಲಿಯದ ಹುಡುಗನನ್ನ, ಅಂದ್ರೆ ಸೋಮಾರಿ ಅನ್ನಿಸಿಕೊಂಡವನನ್ನ, ಎರಡೂ ಕೈ ಕಟ್ಟಿ ರಾಟೆಯಿಂದ ಮಾಳಿಗೆಗೆ ನೇತು ಹಾಕ್ತಿದ್ದರು. ಇಲ್ಲಾಂದ್ರೆ ಬಿಡದೆ ಬಸ್ಕಿ. ಪದ್ಯಗಳನ್ನೇನೋ ಮಕ್ಕಳು ಗಡಗಡ ಹೇಳ್ತಿದ್ದರು, ಅರ್ಥ ಮಾತ್ರ ಗಿಣಿಗೆ ಗೊತ್ತಿದ್ದಷ್ಟೇ ಗೊತ್ತಿತ್ತು.

ನೇತುಹಾಕಿಸಿಕೊಂಡ ಆ ಹುಡುಗರಲ್ಲಿ ಎಷ್ಟು ಮಂದಿ ಖಜೂರಿ ಹುಡುಗನಂಥವರಿದ್ದರೋ! ವರದಿಯಲ್ಲಿ ಅವರಿಗೆ ಇರುವುದು ಒಂದೇ ಹೆಸರು: ಸೋಮಾರಿ. ಇವತ್ತು ನಾವು ದಡ್ಡ ಅಂತೀವಿ. ಪದ ಬದಲಾಯ್ತು, ಜಾಗ ಬದಲಾಗಲಿಲ್ಲ.

ಈ ಹುಡುಗ ಸೋಮಾರಿಯೂ ಅಲ್ಲ, ದಡ್ಡನೂ ಅಲ್ಲ ಅಂತ ವೈದ್ಯರು ಬರೆದಿಡಲು 1896ರ ತನಕ ಕಾಯಬೇಕಾಯ್ತು. ಇಂಗ್ಲೆಂಡಿನ ವೈದ್ಯ ಪ್ರಿಂಗಲ್ ಮಾರ್ಗನ್, ಪರ್ಸಿ ಅನ್ನೋ 14 ವರ್ಷದ ಹುಡುಗನ ಬಗ್ಗೆ ಬ್ರಿಟಿಷ್ ಮೆಡಿಕಲ್ ಜರ್ನಲ್‌ನಲ್ಲಿ ಬರೆದರು. ಹುಡುಗ ಚುರುಕು, ಲೆಕ್ಕ ಬರುತ್ತೆ, ಓದು ಮಾತ್ರ ಬರಲ್ಲ. ಪಾಠವೆಲ್ಲ ಬಾಯಿಮಾತಿನಲ್ಲೇ ಇದ್ದಿದ್ದರೆ ಇವನೇ ಶಾಲೆಗೆ ಮೊದಲಿಗ ಅಂತ ಅವನ ಮೇಷ್ಟ್ರೇ ಹೇಳಿದ್ದರಂತೆ. ಆ ರೈತರ ಫೋನ್ ನೆನಪಾಯ್ತಲ್ವಾ?

ಇವತ್ತು ಇದಕ್ಕೆ ಡಿಸ್ಲೆಕ್ಸಿಯಾ ಅಂತೀವಿ. ಬುದ್ಧಿ ಸರಿಯಾಗೇ ಇರುತ್ತೆ, ಶಬ್ದವನ್ನ ತುಂಡು ಮಾಡಿ ಅಕ್ಷರಕ್ಕೆ ಜೋಡಿಸುವ ದಾರಿ ಗಟ್ಟಿಯಾಗಿರಲ್ಲ. ಜೊತೆಗೆ ಗಮನ ನಿಲ್ಲದ ಎಡಿಎಚ್‌ಡಿ, ಸದ್ದು-ಬೆಳಕು-ಸ್ಪರ್ಶವನ್ನ ಬೇರೆ ರೀತಿ ಅನುಭವಿಸುವ ಆಟಿಸಂ. 1990ರ ದಶಕದ ಕೊನೆಯಲ್ಲಿ ಈ ಎಲ್ಲಕ್ಕೂ ಸೇರಿ ನ್ಯೂರೋಡೈವರ್ಸಿಟಿ ಅನ್ನೋ ಪದ ಬಳಕೆಗೆ ಬಂತು. ಇದಕ್ಕೆ ಒಂದೇ ಸಾಲಿನ ಅರ್ಥ: ಮುಖಗಳು ಬೇರೆ ಬೇರೆ ಇರುವ ಹಾಗೆ ಮೆದುಳುಗಳೂ ಬೇರೆ ಬೇರೆ ಇರುತ್ತವೆ. ಹಾಗಂತ ಕಷ್ಟ ಇಲ್ಲ ಅಂತಲ್ಲ. ಕಷ್ಟ ಇದೆ, ನೆರವು ಬೇಕು. ಆದರೆ ಅವಮಾನ ಬೇಡ.

ಈಗ ಬಳ್ಳಾರಿಯ ಶಾಲೆಯನ್ನ ಇವತ್ತಿನ ನರವಿಜ್ಞಾನದ ಮುಂದೆ ಇಟ್ಟು ನೋಡೋಣ. ಮರಳು ಸರಿಯೋ, ರಾಟೆ ಸರಿಯೋ?

ಮರಳಿನ ಬಗ್ಗೆ. ಅಮೆರಿಕದ ಇಂಡಿಯಾನಾ ವಿಶ್ವವಿದ್ಯಾಲಯದ ಕ್ಯಾರಿನ್ ಜೇಮ್ಸ್, ಇನ್ನೂ ಓದು ಬಾರದ ಐದು ವರ್ಷದ ಮಕ್ಕಳಿಂದ ಕೆಲವು ಅಕ್ಷರಗಳನ್ನ ಕೈಯಾರೆ ಬರೆಸಿದರು, ಕೆಲವನ್ನ ತಿದ್ದಿಸಿದರು, ಕೆಲವನ್ನ ಟೈಪ್ ಮಾಡಿಸಿದರು. ಆಮೇಲೆ ಅಕ್ಷರ ತೋರಿಸಿ ಸ್ಕ್ಯಾನ್ ಮಾಡಿದಾಗ, ಓದಿಗೆ ಬೇಕಾದ ಜಾಲ ಎದ್ದದ್ದು ಕೈಯಾರೆ ಬರೆದ ಅಕ್ಷರಕ್ಕೆ. 2012ರಲ್ಲಿ ಪ್ರಕಟವಾದ ಈ ಫಲಿತಾಂಶದಲ್ಲಿ ಒಂದು ಸೂಕ್ಷ್ಮ ಇದೆ: ಬರೆದದ್ದರ ಮೇಲೆ ತಿದ್ದಿದರೆ ಸಾಲಲ್ಲ, ಮಗು ತಾನೇ ಬರೆಯಬೇಕು. ಸೊಟ್ಟ ಆದರೂ ಪರವಾಗಿಲ್ಲ. ಮರಳಿನಲ್ಲಿ ಸೊಟ್ಟ ಬರೆದರೆ ಕೈಯಲ್ಲಿ ಸವರಿ ಮತ್ತೆ ಬರೆಯಬಹುದು. ನೋಟ್‌ಬುಕ್ಕಿನಲ್ಲಿ ಕೆಂಪು ಗೆರೆ ಬೀಳುತ್ತೆ. ವ್ಯತ್ಯಾಸ ಅಲ್ಲಿದೆ.

ರಾಟೆಯ ಬಗ್ಗೆ. ಹಣೆಯ ಹಿಂದಿರುವ ಮೆದುಳಿನ ಭಾಗ, ಪ್ರಿಫ್ರಂಟಲ್ ಕಾರ್ಟೆಕ್ಸ್, ಗಮನ ಹಿಡಿಯಲು, ಒಂದು ಕ್ಷಣ ವಿಷಯ ನೆನಪಿಟ್ಟುಕೊಳ್ಳಲು ಬೇಕು. ತನ್ನ ಕೈಯಲ್ಲಿಲ್ಲದ ಭಯ, ಒತ್ತಡ ಬಂದಾಗ ಮೊದಲು ಸೋಲೋದು ಅದೇ ಅಂತ ಯೇಲ್ ವಿಶ್ವವಿದ್ಯಾಲಯದ ಏಮಿ ಆರ್ನ್‌ಸ್ಟೆನ್ ವರ್ಷಗಳ ಕಾಲ ತೋರಿಸಿಕೊಟ್ಟಿದ್ದಾರೆ. ಅಂದ್ರೆ, "ಓದೋ!" ಅಂತ ಬೆತ್ತ ಎತ್ತಿದ ಕ್ಷಣ, ಓದಲು ಬೇಕಾದ ಯಂತ್ರವನ್ನೇ ಆಫ್ ಮಾಡಿದ ಹಾಗೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಏಟನ್ನಷ್ಟೇ ಅಲ್ಲ, ಮಾನಸಿಕ ಹಿಂಸೆಯನ್ನೂ ನಿಷೇಧಿಸಿದೆ. ಎಲ್ಲರ ಮುಂದೆ ದಡ್ಡ ಅನ್ನೋದು ಇನ್ನೇನು?

ನಾನು ಇಂಜಿನಿಯರಿಂಗ್ ಓದಿದವನು. ಅಲ್ಲಿ ಕಲಿತ ಒಂದು ಮಾತು ಇಲ್ಲಿಗೆ ಹೊಂದುತ್ತೆ. ಸಿಗ್ನಲ್ ತಲುಪಲಿಲ್ಲ ಅಂದ ತಕ್ಷಣ ರಿಸೀವರ್ ಕೆಟ್ಟಿದೆ ಅನ್ನಬಾರದು, ಮೊದಲು ದಾರಿ ನೋಡಬೇಕು. 2004ರಲ್ಲಿ ಯೇಲ್‌ನ ಶೇವಿಟ್ಜ್ ದಂಪತಿಯ ತಂಡ, ಓದಿನಲ್ಲಿ ಹಿಂದಿದ್ದ 6ರಿಂದ 9 ವರ್ಷದ ಮಕ್ಕಳಿಗೆ ಶಬ್ದ-ಅಕ್ಷರದ ಸಂಬಂಧವನ್ನ ದಿನವೂ ಹಂತ ಹಂತವಾಗಿ ಕಲಿಸಿತು. ಮಕ್ಕಳ ಓದೂ ಸುಧಾರಿಸಿತು, ಎಡ ಮೆದುಳಿನ ಓದಿನ ಜಾಲವೂ ಹೆಚ್ಚು ಕೆಲಸ ಮಾಡತೊಡಗಿತು. ದಾರಿ ಬದಲಿಸಿದರೆ ಸಿಗ್ನಲ್ ತಲುಪುತ್ತೆ.

ಆದರೆ ಅಮೆರಿಕದ ಪಾಠವನ್ನ ಹಾಗೇ ತಂದು ಖಜೂರಿಯಲ್ಲಿ ಹಾಕಿದರೆ ಆಗಲ್ಲ. ಯಾಕಂದ್ರೆ ನಮ್ಮ ಲಿಪಿಯೇ ಬೇರೆ. ಇಂಗ್ಲಿಷಿನ ಮಗುವಿಗೆ 26 ಅಕ್ಷರ. ನಮ್ಮ ಮಗುವಿಗೆ ವರ್ಣಮಾಲೆ, ಅದರ ಮೇಲೆ ಕಾಗುಣಿತ, ಅದರ ಮೇಲೆ ಒತ್ತಕ್ಷರ. ನೂರಾರು ಆಕಾರ. ಪ ಮತ್ತು ಷ, ವ ಮತ್ತು ಮ, ಬ ಮತ್ತು ಭ ಅಣ್ಣತಮ್ಮಂದಿರ ಹಾಗಿವೆ. ಸೂರ್ಯ ಅಂತ ಬರೆಯುವಾಗ ಬಾಯಲ್ಲಿ ಮೊದಲು ಬರುವ ರ್, ಕಾಗದದ ಮೇಲೆ ಕೊನೆಗೆ ಕೂರುತ್ತೆ. ಬೆಂಗಳೂರಿನ ಪ್ರಾಮಿಸ್ ಫೌಂಡೇಶನ್‌ನಲ್ಲಿದ್ದು ಕನ್ನಡ ಮಕ್ಕಳ ಓದನ್ನ ಅಧ್ಯಯನ ಮಾಡಿದ ಸೊನಾಲಿ ನಾಗ್ 2007ರಲ್ಲೇ ತೋರಿಸಿದ್ದಾರೆ: ಕನ್ನಡ ಅಕ್ಷರಗಳು ಪೂರ್ತಿ ಕೈಗೂಡಲು ಮಗುವಿಗೆ ಪ್ರಾಥಮಿಕ ಶಾಲೆಯ ಹಲವು ವರ್ಷ ಬೇಕು, ಒಂದನೇ ತರಗತಿಯಲ್ಲಿ ಮುಗಿಯುವ ಕೆಲಸ ಅಲ್ಲ. ಮೈಸೂರು ವಿಶ್ವವಿದ್ಯಾಲಯದ ಪ್ರಕಾಶ್ ಪಡಕಣ್ಣಾಯ, ಮೈಸೂರಿನ ವಾಕ್ ಶ್ರವಣ ಸಂಸ್ಥೆಯಲ್ಲಿದ್ದ ಪ್ರತಿಭಾ ಕಾರಂತರು ಇದಕ್ಕೂ ಮೊದಲೇ ಈ ದಾರಿಯಲ್ಲಿ ಕೆಲಸ ಮಾಡಿದವರು. ಜ್ಞಾನ ನಮ್ಮಲ್ಲೇ ಇದೆ. ಮೈಸೂರಿನಿಂದ ಆಳಂದಕ್ಕೆ ಬಸ್ ಹತ್ತಿಲ್ಲ, ಅಷ್ಟೇ.

ಗಡಿಯ ಮಗುವಿಗೆ ಇನ್ನೊಂದು ಹೊರೆ. ಮನೆಯಲ್ಲಿ ಮರಾಠಿಯೋ ಲಂಬಾಣಿಯೋ, ಶಾಲೆಯಲ್ಲಿ ಕನ್ನಡ, ಆಮೇಲೆ ಇಂಗ್ಲಿಷ್, ಹಿಂದಿ. ಇಂಥ ಮಗು ಓದದಿದ್ದರೆ ಎರಡು ತಪ್ಪು ಆಗಬಹುದು. ಬರೀ ಭಾಷೆ ಹೊಸದು ಅನ್ನೋ ಕಾರಣಕ್ಕೆ ತಡವರಿಸುವ ಮಗುವಿಗೆ ಡಿಸ್ಲೆಕ್ಸಿಯಾ ಹಣೆಪಟ್ಟಿ. ನಿಜವಾಗಿ ಡಿಸ್ಲೆಕ್ಸಿಯಾ ಇರುವ ಮಗುವಿಗೆ "ಗಡಿ ಊರು, ಹಾಗೇ ಬಿಡಿ" ಅನ್ನೋ ಸಬೂಬು. ಮಗುವಿನ ಮನೆಮಾತು ತಿಳಿದವರು ಕೂತು ನೋಡದೆ ತೀರ್ಪು ಕೊಡಬಾರದು.

ಕರ್ನಾಟಕ ಏನೂ ಮಾಡಿಲ್ವಾ? ಮಾಡಿದೆ. 1995ರಲ್ಲಿ ಹೆಗ್ಗಡದೇವನಕೋಟೆಯಲ್ಲಿ ನಲಿ-ಕಲಿ ಶುರುವಾಯ್ತು. ಅಲ್ಲಿನ ಶಿಕ್ಷಕರು ಆಂಧ್ರದ ರಿಷಿ ವ್ಯಾಲಿಗೆ ಹೋಗಿ ನೋಡಿ ಬಂದು ಕಟ್ಟಿದ ಪದ್ಧತಿ ಅದು. 2009–10ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆ ಬಂತು. ಮಗು ಕಲಿಕಾ ಏಣಿಯನ್ನ ತನ್ನ ವೇಗದಲ್ಲಿ ಹತ್ತುತ್ತೆ. ಗುಂಪಿನಲ್ಲಿ ಕೂತು ಒಬ್ಬರಿಂದ ಒಬ್ಬರು ಕಲೀತಾರೆ. ಕರಿಹಲಗೆ ಮಗುವಿನ ಎತ್ತರಕ್ಕೇ ಇರುತ್ತೆ. ಅಕ್ಷರ ಅ ಆ ಇ ಈ ಅಂತ ಶುರುವಾಗಲ್ಲ. ರ, ಗ, ಸ, ದ, ಅ ಅಂತ ಶುರುವಾಗುತ್ತೆ. ಐದೇ ಅಕ್ಷರ ಕಲಿತ ಮಗು ಸರ, ಗರಗಸ, ದಸರ, ಅರಸ ಅಂತ ಓದಿಬಿಡುತ್ತೆ. ಬಳ್ಳಾರಿಯ ಮರಳು ಮತ್ತು ಗುಂಪು ವಾಪಸ್ ಬಂತು, ರಾಟೆ ಬರಲಿಲ್ಲ. ಚೆನ್ನಾಗಿ ನಡೆದ ಕಡೆ ಇದು ಎಲ್ಲ ಮಕ್ಕಳಿಗೂ ಒಳ್ಳೇದು, ಬೇರೆ ರೀತಿ ಕಲಿಯುವ ಮಗುವಿಗಂತೂ ಉಸಿರು.

ಆದರೆ ನಲಿ-ಕಲಿ ಇರೋದು ಮೂರನೇ ತರಗತಿ ತನಕ. ನಾಲ್ಕಕ್ಕೆ ಬಂದರೆ ಸಾಲು ಬೆಂಚು, ಒಂದೇ ಪುಸ್ತಕ, ಒಂದೇ ವೇಗ. ಒತ್ತಕ್ಷರ ಇನ್ನೂ ಕೈಗೂಡದ ಮಗುವಿನ ಕೈಗೆ ಸಮಾಜ, ವಿಜ್ಞಾನದ ಪುಸ್ತಕ. ಏಣಿ ತೆಗೆದುಬಿಟ್ಟು, ಹತ್ತು ಅಂದ ಹಾಗೆ. ಹತ್ತನೇ ತರಗತಿ ಫಲಿತಾಂಶದಲ್ಲಿ ಕಾಣುವ ಸೋಲಿನ ಒಂದು ಪಾಲು ಶುರುವಾಗೋದು ಇಲ್ಲಿಂದ ಅಂತ ನನ್ನ ಅನಿಸಿಕೆ. ನಾವು ಕ್ಯಾಮೆರಾ ಹಿಡಿಯೋದು ಮಾತ್ರ ಆರು ವರ್ಷ ತಡವಾಗಿ.

ಮೆದುಳಿನ ಹೆಸರಲ್ಲಿ ನಡೆಯೋ ವ್ಯಾಪಾರದ ಬಗ್ಗೆಯೂ ಒಂದು ಎಚ್ಚರಿಕೆ. ಮಿಡ್‌ಬ್ರೈನ್ ಆಕ್ಟಿವೇಶನ್ ಅಂತ ಕಣ್ಣಿಗೆ ಬಟ್ಟೆ ಕಟ್ಟಿ ಮಕ್ಕಳಿಂದ ಓದಿಸುವ ಪ್ರದರ್ಶನ ನೀವು ನೋಡಿರಬಹುದು. ಮಂಗಳೂರಿನ ನರೇಂದ್ರ ನಾಯಕ್ ಅವರು ಇದರ ಹಿಂದಿನ ಗುಟ್ಟನ್ನ ಊರೂರಲ್ಲಿ ಬಯಲು ಮಾಡಿದ್ದಾರೆ: ಮಗು ಮೂಗಿನ ಪಕ್ಕದ ಸಂದಿಯಿಂದ ನೋಡ್ತಿರುತ್ತೆ. ಎಡಮೆದುಳಿನ ಮಗು, ಬಲಮೆದುಳಿನ ಮಗು ಅನ್ನೋ ವಿಂಗಡಣೆಗೂ ವಿಜ್ಞಾನದ ಆಧಾರ ಇಲ್ಲ. ತೊಗರಿ ಮಾರಿದ ದುಡ್ಡು ಇಂಥವರಿಗೆ ಕೊಡಬೇಡಿ.

ಹಾಗಾದ್ರೆ ಏನು ಮಾಡಬೇಕು? ಕಾನೂನು ಇದೆ. 1995ರ ಕಾಯ್ದೆಯಲ್ಲಿ ಏಳು ಅಂಗವೈಕಲ್ಯಗಳಿದ್ದವು, ಡಿಸ್ಲೆಕ್ಸಿಯಾ ಮತ್ತು ಆಟಿಸಂ ಅದರಲ್ಲಿ ಇರಲಿಲ್ಲ. 2016ರ ಕಾಯ್ದೆ ಪಟ್ಟಿಯನ್ನ 21ಕ್ಕೆ ಏರಿಸಿತು, ಇವೆರಡೂ ಸೇರಿದವು. ಕಲಿಕಾ ನ್ಯೂನತೆಯನ್ನ ನಿಮ್ಹಾನ್ಸ್ ರೂಪಿಸಿದ ಪರೀಕ್ಷೆಯಿಂದ ಅಳೆದು, ಎಂಟನೇ ವಯಸ್ಸಿಗೆ ಮೊದಲ ಪ್ರಮಾಣಪತ್ರ ಕೊಡಬಹುದು ಅಂತ 2018ರ ಮಾರ್ಗಸೂಚಿ ಹೇಳಿತು. ಪ್ರಮಾಣಪತ್ರ ಇದ್ದರೆ ಪರೀಕ್ಷೆಯಲ್ಲಿ ಹೆಚ್ಚುವರಿ ಸಮಯ, ಬರೆಯಲು ಸಹಾಯಕರು. ಆದರೆ ಅದಕ್ಕಾಗಿ ಖಜೂರಿಯ ತಂದೆ ಕೆಲಸ ಬಿಟ್ಟು ಆಳಂದಕ್ಕೆ, ಅಲ್ಲಿಂದ ಕಲಬುರಗಿಗೆ ಅಲೆಯಬೇಕಾ? ತಾಲೂಕಿಗೆ ಒಂದು ತಂಡ ವರ್ಷಕ್ಕೆರಡು ಸಲ ಹೋಬಳಿಗೆ ಬಂದು ಮೂರನೇ ತರಗತಿ ಮಕ್ಕಳನ್ನ ನೋಡಲಿ. 371(ಜೆ) ಹೆಸರಲ್ಲಿ ಕಲ್ಯಾಣ ಕರ್ನಾಟಕಕ್ಕೆ ಬರುವ ಹಣದಲ್ಲಿ ಕಟ್ಟಡದ ಜೊತೆ ಇದಕ್ಕೂ ಒಂದು ಪಾಲು ಇರಲಿ. ನನ್ನ ಬೇಡಿಕೆ ಇಷ್ಟೇ.

ಅಲ್ಲೀವರೆಗೆ ಶಿಕ್ಷಕರು ಕಾಯಬೇಕಿಲ್ಲ. ಒಂದು ತಟ್ಟೆ ಮರಳು ಸಾಕು. ಪ ಮತ್ತು ಷ ಒಂದೇ ದಿನ ಬೇಡ. ತೊಗರಿ ಅಂದಾಗ ತೊ-ಗ-ರಿ ಅಂತ ಮೂರು ಚಪ್ಪಾಳೆ, ಆಮೇಲೆ ತೊ ಒಳಗಿನ ತ್ ಮತ್ತು ಒ. ಒಂದು ಗಂಟೆಯ ಬದಲು ದಿನಕ್ಕೆ ನಾಲ್ಕು ಸಲ ಹತ್ತು ನಿಮಿಷ. ಕೂರಲಾಗದ ಮಗುವಿಗೆ ಮಧ್ಯೆ ಎದ್ದು ಓಡಾಡುವ ಕೆಲಸ. ಗದ್ದಲಕ್ಕೆ ಕಿವಿ ಮುಚ್ಚಿಕೊಳ್ಳುವ ಮಗುವಿಗೆ ದಿನದ ಪಾಠಗಳ ಕ್ರಮ ಚಿತ್ರದಲ್ಲಿ, ಗಂಟೆ ಹೊಡೆಯೋ ಮುಂಚೆ ಒಂದು ಮಾತು. ಓದಲಾಗದವನಿಗೆ ಪ್ರಶ್ನೆಯನ್ನ ಓದಿ ಹೇಳಿ, ಉತ್ತರ ಬಾಯಲ್ಲಿ ಕೇಳಿ. ನಲವತ್ತು ಮಕ್ಕಳ ಕ್ಲಾಸಿನಲ್ಲಿ ಇದು ಕಷ್ಟ ಅಂತ ಗೊತ್ತು. ಅದಕ್ಕೇ ಜಾನ್ ಫ್ರಿಸ್ಕೆನ್ ನೆನಪಿರಲಿ, ಮಕ್ಕಳೇ ಮಕ್ಕಳಿಗೆ ಮೇಷ್ಟ್ರಾಗಬಲ್ಲರು.

ವಾರದ ನಂತರ ಆ ರೈತರಿಗೆ ನಾನೇ ಫೋನ್ ಮಾಡಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ಏನು ಕೇಳಬೇಕು, ಶಾಲೆಯಿಂದ ಯಾವ ಪತ್ರ ತರಬೇಕು ಅಂತ ಹೇಳಿದೆ. ಎಲ್ಲ ಕೇಳಿಸಿಕೊಂಡು ಅವರು ಕೊನೆಗೆ ಕೇಳಿದ್ದು ಒಂದೇ: "ಹಂಗಾದ್ರ ನಮ್ಮ ಹುಡುಗ ದಡ್ಡ ಅಲ್ಲ ಅಂತ ನೀವೇ ಒಂದ್ ಮಾತು ಅವಗ ಹೇಳ್ರಿ ಸರ." ಫೋನ್ ಹುಡುಗನ ಕೈಗೆ ಹೋಯ್ತು. ನಾನು ಹೇಳಿದೆ. ಆ ಕಡೆಯಿಂದ ಬಹಳ ಹೊತ್ತು ಮಾತಿಲ್ಲ. ಆಮೇಲೆ, "ಹೂಂ ಸರ" ಅಂದ.

ಆ ಮಾತನ್ನ ಅವನಿಗೆ ಒಂದನೇ ತರಗತಿಯಲ್ಲೇ ಯಾರಾದರೂ ಹೇಳಬೇಕಿತ್ತು. ನಿಮ್ಮೂರ ಶಾಲೆಯ ಕಡೇ ಬೆಂಚಿನಲ್ಲೂ ಒಬ್ಬ ಕೂತಿರಬಹುದು. ನಾಳೆ ಹೋಗಿ ನೋಡಿ.